ಕೀಮೋಗೆ ದುಡ್ಡಿದೆ, ಅದಕ್ಕೆ ಮುಂಚಿನ ಎರಡು ವಾರಕ್ಕಿಲ್ಲ

ಮನೆಯಲ್ಲಿ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ಇದ್ದರೆ ಒಂದ್ಸಲ ತೆಗೆದು ನೋಡಿ. ಯಾವ ಕಂಪನಿಯದ್ದಾದರೂ ಸರಿ. ಯಾವುದಕ್ಕೆಲ್ಲ ದುಡ್ಡು ಕೊಡುವುದಿಲ್ಲ ಅನ್ನುವ ಉದ್ದನೆಯ ಪಟ್ಟಿಯಲ್ಲಿ ಎಕ್ಸ್‌ಕ್ಲೂಷನ್ 17 ಅಂತ ಒಂದು ಇರುತ್ತದೆ. ಬಂಜೆತನದ ಚಿಕಿತ್ಸೆ, ಐವಿಎಫ್, ಬಾಡಿಗೆ ತಾಯ್ತನ, ಸಂತಾನಹರಣ ಶಸ್ತ್ರಚಿಕಿತ್ಸೆ, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಅಲ್ಲಿ ಹಾಕಿದ್ದಾರೆ. ಎಲ್ಲ ಕಂಪನಿಗಳೂ ಒಂದೇ ಮಾತಿನಲ್ಲಿ ಬರೆಯಬೇಕು ಅಂತ ವಿಮಾ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ 2019ರಲ್ಲಿ ನಿಯಮ ಮಾಡಿದ್ದರಿಂದ ನಂಬರ್ ಕೂಡ ಎಲ್ಲ ಕಡೆ ಅದೇ. ಈಗ ಕೆಲವು ದೊಡ್ಡ ಕಂಪನಿಗಳು ತಮ್ಮ ನೌಕರರ ಗ್ರೂಪ್ ಪಾಲಿಸಿಯಲ್ಲಿ ಐವಿಎಫ್‌ಗೆ ಒಂದಿಷ್ಟು ಸೇರಿಸುತ್ತಿವೆ, ಅದು ಬೇರೆ ಮಾತು. ಆಯುಷ್ಮಾನ್ ಕಾರ್ಡಿನಲ್ಲೂ ಇದೇ ಕಥೆ. ಕ್ಯಾನ್ಸರಿಗೆ ಕೊಡುತ್ತಾರೆ, ಮಕ್ಕಳಾಗುವ ವಿಷಯಕ್ಕೆ ಕೊಡುವುದಿಲ್ಲ. ಕೀಮೋಗೆ ಮುಂಚೆ ಅಂಡಾಣು ತೆಗೆದು ಫ್ರೀಜ್ ಮಾಡಿಡುವ ಖರ್ಚು ಈ ಎರಡರ ನಡುವೆ ಬಿದ್ದುಹೋಗುತ್ತದೆ.

ಸಾಮಾನ್ಯವಾಗಿ ಇದನ್ನು ಓದಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ, ನನ್ನ ಚಿಕ್ಕಪ್ಪನ ಮಗಳಿಗೆ ಎದೆಯಲ್ಲಿ ಗಂಟು ಸಿಗುವವರೆಗೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಕ್ಕ ಅಂದಿದ್ದಾಳೆ, ಹಾಗಾಗಿ ಇಲ್ಲಿ ಅವಳು ಬರೀ ತಂಗಿ.

ತಿಪಟೂರಿನ ಹತ್ತಿರದ ಊರು. ಇಪ್ಪತ್ತಾರು ವಯಸ್ಸು, ಬಿ.ಎಡ್ ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಮದುವೆ ಆಗಿರಲಿಲ್ಲ, ನೋಡುತ್ತಿದ್ದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಅದರಲ್ಲಿ ಆಪರೇಷನ್ನೂ ಕೀಮೋನೂ ನಡೆದುಹೋಗುತ್ತಿತ್ತು. ಈ ಯೋಜನೆಯನ್ನು ನಾನು ಬೈಯುವವಳಲ್ಲ. ರೆಫರಲ್ ಲೆಟರ್‌ಗೆ ಓಡಾಡಿದ್ದು ಬಿಟ್ಟರೆ ಚಿಕ್ಕಪ್ಪನ ಕೈಯಿಂದ ದೊಡ್ಡ ಮೊತ್ತ ಯಾವುದೂ ಹೋಗಲಿಲ್ಲ. ಹತ್ತು ವರ್ಷದ ಹಿಂದೆ ಇಷ್ಟರಲ್ಲಿ ಒಂದು ತೋಟ ಹೋಗಿರುತ್ತಿತ್ತು.

ಆಪರೇಷನ್ ಆದ ಮೇಲೆ ಗಾಯ ಮಾಯಬೇಕು, ಬಯಾಪ್ಸಿಯ ಪೂರ್ತಿ ರಿಪೋರ್ಟ್ ಬರಬೇಕು, ಆಮೇಲೆ ಕೀಮೋ. ಈ ಮಧ್ಯದ ಕೆಲವು ವಾರಗಳಲ್ಲಿ, ಡ್ರೆಸಿಂಗ್‌ಗೆ ಹೋದಾಗ, ಒಬ್ಬ ಪಿಜಿ ಡಾಕ್ಟರ್ ಕೇಸ್ ಶೀಟ್ ನೋಡುತ್ತಾ 'ಮದುವೆ ಆಗಿದ್ಯಾ? ಎಗ್ ಫ್ರೀಜಿಂಗ್ ಬಗ್ಗೆ ಯಾರಾದ್ರೂ ಹೇಳಿದ್ರಾ?' ಅಂತ ಕೇಳಿದರು. ಯಾರೂ ಹೇಳಿರಲಿಲ್ಲ. ದೊಡ್ಡ ಡಾಕ್ಟರ್ ಕೆಟ್ಟವರಲ್ಲ, ಅವರ ಒಪಿಡಿಯಲ್ಲಿ ಒಬ್ಬೊಬ್ಬ ರೋಗಿಗೆ ಸಿಗುವ ಸಮಯದಲ್ಲಿ ಜೀವದ ಮಾತು ಆಡುವುದೇ ಕಷ್ಟ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2006ರಲ್ಲೇ ಹೇಳಿದೆ, ಚಿಕಿತ್ಸೆ ಶುರು ಮಾಡುವ ಮೊದಲೇ ಈ ವಿಷಯವನ್ನು ರೋಗಿಯ ಹತ್ತಿರ ಮಾತಾಡಬೇಕು ಅಂತ. ನಮ್ಮಲ್ಲೂ ಡಾಕ್ಟರುಗಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಗೊತ್ತಿರುವುದಕ್ಕೂ ಸಮಯಕ್ಕೆ ಸರಿಯಾಗಿ ಬಾಯಲ್ಲಿ ಬರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ವಿಷಯ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವಳಿಗೆ ಕೊಡಬೇಕಿದ್ದ ಕೀಮೋದಲ್ಲಿ ಎರಡು ಔಷಧ. ಒಂದು, ವಾರ್ಡಿನಲ್ಲಿ ಎಲ್ಲರೂ 'ಕೆಂಪು ಕೀಮೋ' ಅಂತ ಕರೆಯುವ ಡಾಕ್ಸೋರುಬಿಸಿನ್. ಇನ್ನೊಂದು ಸೈಕ್ಲೋಫಾಸ್ಫಮೈಡ್. ಅಂಡಾಶಯಕ್ಕೆ ಜಾಸ್ತಿ ಪೆಟ್ಟು ಕೊಡುವುದು ಈ ಎರಡನೆಯದು. ಹುಟ್ಟುವಾಗಲೇ ಹೆಣ್ಣುಮಕ್ಕಳ ಅಂಡಾಶಯದಲ್ಲಿ ಇರುವ ಅಂಡಾಣುಗಳು ಇಂತಿಷ್ಟೇ, ಹೊಸದಾಗಿ ತಯಾರಾಗುವುದಿಲ್ಲ, ಹೋದದ್ದು ಹೋದ ಹಾಗೆ. ವಯಸ್ಸು ಕಡಿಮೆ ಇದ್ದರೆ ಕೀಮೋ ಮುಗಿದ ಮೇಲೆ ಮುಟ್ಟು ವಾಪಸ್ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಉಳಿದಿರುವ ದಾಸ್ತಾನು ಕಡಿಮೆ. ಅದರ ಮೇಲೆ ಅವಳದ್ದು ಹಾರ್ಮೋನ್ ಪಾಸಿಟಿವ್ ಗಡ್ಡೆ, ಈಸ್ಟ್ರೋಜನ್‌ನಂಥ ಹೆಣ್ಣು ಹಾರ್ಮೋನಿನಿಂದ ಬೆಳೆಯುವಂಥದ್ದು, ಅಂದರೆ ಕೀಮೋ ಆದ ಮೇಲೆ ಐದು ವರ್ಷವೋ ಅದಕ್ಕೂ ಜಾಸ್ತಿಯೋ ಆ ಹಾರ್ಮೋನನ್ನು ತಡೆಯುವ ಟಾಮಾಕ್ಸಿಫೆನ್ ಮಾತ್ರೆ, ಅದನ್ನು ತಗೊಳ್ಳುವಾಗ ಗರ್ಭ ಧರಿಸುವ ಹಾಗಿಲ್ಲ. ಪೆಟ್ಟು ತಿಂದ ಅಂಡಾಶಯಕ್ಕೆ ಐದು ವರ್ಷ ಕಾಯುವ ಶಿಕ್ಷೆ ಬೇರೆ.

ಹಾಗಾಗಿ ಕೀಮೋಗೆ ಮುಂಚೆ ಅಂಡಾಣು ತೆಗೆದು ಫ್ರೀಜ್ ಮಾಡಿಡುವುದು. ಮೊದಲೆಲ್ಲ ಮುಟ್ಟಿನ ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಕಾಯಬೇಕಿತ್ತು. ಈಗ ಯಾವ ದಿನ ಬೇಕಾದರೂ ಇಂಜೆಕ್ಷನ್ ಶುರು ಮಾಡಬಹುದು, ಹೆಚ್ಚುಕಡಿಮೆ ಎರಡು ವಾರದಲ್ಲಿ ಮುಗಿಯುತ್ತದೆ. ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಗಡ್ಡೆಗೆ ಗೊಬ್ಬರ ಹಾಕಿದ ಹಾಗಲ್ವಾ ಅಂತ ನಾನು ಕೇಳಿದ್ದೆ. ಅದಕ್ಕೆ ಲೆಟ್ರೋಜೋಲ್ ಮಾತ್ರೆ ಜೊತೆಗೆ ಕೊಡುತ್ತಾರೆ, ಈಸ್ಟ್ರೋಜನ್ ಏರದ ಹಾಗೆ ಅದು ಹಿಡಿದಿಡುತ್ತದೆ. ಮಾತ್ರೆಯ ಬೆಲೆ ಕಮ್ಮಿ. ಇಂಜೆಕ್ಷನ್‌ದು ಅಲ್ಲ.

ಈಗ ದುಡ್ಡಿನ ಮಾತು. ನಮಗೆ ಕೊಟ್ಟ ಎಸ್ಟಿಮೇಟ್ ಎರಡು ಲಕ್ಷದ ಹತ್ತಿರ ಇತ್ತು. ಬೆಂಗಳೂರಿನಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಗೂ ಆಗುತ್ತದೆ, ಜಾಸ್ತಿಗೂ ಆಗುತ್ತದೆ. ಅದರಲ್ಲಿ ಇಂಜೆಕ್ಷನ್ನಿನದೇ ದೊಡ್ಡ ಪಾಲು. ಇದಲ್ಲದೆ ಪ್ರತಿ ವರ್ಷ ಶೇಖರಣೆಯ ಬಾಡಿಗೆ. ಅವಳ ಶಾಲೆಯ ಸಂಬಳ ತಿಂಗಳಿಗೆ ಹದಿನಾಲ್ಕು ಸಾವಿರ. ಚಿಕ್ಕಪ್ಪನಿಗೆ ತೆಂಗಿನ ತೋಟ ಇದೆ, ಇಲ್ಲ ಅಂತಲ್ಲ. ಆದರೆ ತಿಪಟೂರು ಕಡೆಯವರಿಗೆ ಗೊತ್ತು, ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಅದು ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುವುದಕ್ಕೆ ಎಷ್ಟೋ ತಿಂಗಳು ಬೇಕು. ಅಟ್ಟದ ತುಂಬ ದುಡ್ಡಿತ್ತು, ಆದರೆ ಅದನ್ನು ಆ ವಾರ ಮಾರುಕಟ್ಟೆಗೆ ಸಾಗಿಸುವ ಹಾಗಿರಲಿಲ್ಲ.

ಸಹಾಯ ಕೇಳಲು ನಾನೇ ಹೊರಟೆ, ಬೆಂಗಳೂರಿನಲ್ಲಿ ಇರುವವಳು ನಾನು ತಾನೇ. ಕ್ಯಾನ್ಸರ್ ರೋಗಿಗಳಿಗೆ ನೆರವು ಕೊಡುವ ಒಂದು ಟ್ರಸ್ಟಿನವರು ತುಂಬಾ ಮರ್ಯಾದೆಯಿಂದ ಮಾತಾಡಿ, ಕೀಮೋ ಬಿಲ್ ಇದ್ದರೆ ತನ್ನಿ ಮೇಡಂ, ಇದು ನಮ್ಮಲ್ಲಿ ಬರಲ್ಲ ಅಂದರು. ಕೀಮೋ ಬಿಲ್ ಕಾರ್ಡಿನಲ್ಲಿ ಹೋಗುತ್ತೆ, ನನಗೆ ಬೇಕಿರುವುದು ಇದಕ್ಕೇ ಅಂದೆ. ಇದು ಟ್ರೀಟ್‌ಮೆಂಟ್ ಅಲ್ವಲ್ಲ ಅಂದರು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಎಂಎಲ್ಎ ಲೆಟರ್ ಮಾಡಿಸಿಕೊಡ್ತೀನಿ ಅಂತ ಊರಿನ ಒಬ್ಬರು ಮುಂದೆ ಬಂದರು. ಒಳ್ಳೆ ಮನಸ್ಸೇ. ಆದರೆ ಬಿಲ್ ಕಟ್ಟಿ, ಅರ್ಜಿ ಹಾಕಿ, ಮಂಜೂರಾಗುವುದಕ್ಕೆ ಕಾಯುವ ದಾರಿ ಅದು. ಕೇಂದ್ರ ಸರ್ಕಾರದ ಆರೋಗ್ಯ ಮಂತ್ರಿಗಳ ಕ್ಯಾನ್ಸರ್ ನಿಧಿ ಅಂತ ಒಂದಿದೆ, ಬಡ ರೋಗಿಗಳಿಗೆ ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ಸಿಗುತ್ತದೆ. ಅದೂ ಕ್ಯಾನ್ಸರ್ ಚಿಕಿತ್ಸೆಗೇ.

ಕೊನೆಗೆ ಕ್ರೌಡ್‌ಫಂಡಿಂಗ್. ಫೋನಿನಲ್ಲಿ ಮಾತಾಡಿದ ಹುಡುಗ ಒಳ್ಳೆಯವನೇ. ಕಥೆ ಹೇಗೆ ಬರೆಯಬೇಕು, ಫೋಟೋ ಹೇಗಿರಬೇಕು ಅಂತೆಲ್ಲ ಹೇಳಿಕೊಟ್ಟ. ಪೇಷೆಂಟ್ ಹಾಸಿಗೆ ಮೇಲೆ ಇರುವ ಫೋಟೋ ಇದ್ದರೆ ಬೇಗ ಬರುತ್ತೆ ಮೇಡಂ ಅಂದ. ನನ್ನ ತಂಗಿ ಆಗ ಜಡೆ ಹಾಕಿಕೊಂಡು, ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುವ ಹಾಗಿದ್ದಳು. ಕೂದಲು ಉದುರುವ ಮೊದಲೇ ದುಡ್ಡು ಬೇಕಿತ್ತು, ದುಡ್ಡು ಬರುವುದು ಕೂದಲು ಉದುರಿದ ಮೇಲೆ. ಅದೂ ಅಲ್ಲದೆ ಏನಂತ ಬರೆಯುವುದು? ಮದುವೆಯಾಗದ ಹುಡುಗಿಗೆ ಮುಂದೆ ಮಕ್ಕಳಾಗಲಿ ಅಂತ ಸಹಾಯ ಮಾಡಿ ಅಂತ ಊರಿಗೆಲ್ಲ ಲಿಂಕ್ ಕಳಿಸುವುದಾ? ಬೇಡವೇ ಬೇಡ ಅಂದಳು. ನಾನು ಒತ್ತಾಯ ಮಾಡಲಿಲ್ಲ.

ಎಲ್ಲ ಕಡೆ ನನಗೆ ಎದುರಾದದ್ದು ಒಂದೇ ತೊಡಕು. ಈ ಖರ್ಚನ್ನು ಕ್ಯಾನ್ಸರಿನವರು ಐವಿಎಫ್ ಅನ್ನುತ್ತಾರೆ, ಐವಿಎಫ್‌ನವರು ಕ್ಯಾನ್ಸರ್ ಅನ್ನುತ್ತಾರೆ. ಕೀಮೋ ಕೊಟ್ಟಾಗ ಬಿಳಿ ರಕ್ತಕಣ ಇಳಿಯುತ್ತದೆ, ಅದಕ್ಕೆ ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಒಂದು ಇಂಜೆಕ್ಷನ್ ಇದೆ, ಅದು ಚಿಕಿತ್ಸೆಯ ಭಾಗ. ವಾಂತಿ ಬರದಿರಲಿ ಅಂತ ಮೊದಲೇ ಕೊಡುವ ಔಷಧ ಚಿಕಿತ್ಸೆಯ ಭಾಗ. ಡಾಕ್ಸೋರುಬಿಸಿನ್ ಹೃದಯಕ್ಕೆ ತೊಂದರೆ ಮಾಡಬಹುದು ಅಂತ ಮಾಡಿಸುವ ಎಕೋ ಸ್ಕ್ಯಾನ್ ಕೂಡ. ಇವೆಲ್ಲ ಔಷಧ ಮಾಡುವ ಹಾನಿಯನ್ನು ಮುಂಚೆಯೇ ತಡೆಯುವ ಖರ್ಚುಗಳು, ಯಾರೂ ಪ್ರಶ್ನೆ ಮಾಡುವುದಿಲ್ಲ. ಅದೇ ಔಷಧ ಅಂಡಾಶಯಕ್ಕೆ ಮಾಡುವ ಹಾನಿಯನ್ನು ತಡೆಯಲು ಹೊರಟರೆ ಮಾತ್ರ ಅದು ಇದ್ದಕ್ಕಿದ್ದ ಹಾಗೆ ಶೋಕಿಯಾಗಿಬಿಡುತ್ತದೆ. ಅವಳಿಗೆ ಬಂಜೆತನ ಇರಲಿಲ್ಲ. ನಾವೇ ಕೊಡಲು ಹೊರಟಿದ್ದೆವು, ಡ್ರಿಪ್ ಬಾಟಲಿಯಲ್ಲಿ. ಜೀವ ಉಳಿಸಲು ಕೊಡಲೇಬೇಕಿತ್ತು, ಸರಿ, ಆದರೆ ಕೊಡುವವರೇ ಅದರ ಹೊಣೆಯನ್ನೂ ಹೊರಬೇಕಲ್ಲ.

ನಮ್ಮ ಕೆಲಸ ಆದದ್ದು ಹೀಗೆ. ಕ್ಯಾನ್ಸರ್ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿಕೊಂಡೆವು: ಯಾವ ಔಷಧ ಕೊಡುತ್ತಾರೆ, ಅದರಿಂದ ಅಂಡಾಶಯಕ್ಕೆ ಏನಾಗಬಹುದು, ಕೀಮೋ ಯಾವತ್ತು ಶುರು. ಆ ಪತ್ರ ತೋರಿಸಿದ ಮೇಲೆ ಫರ್ಟಿಲಿಟಿ ಕ್ಲಿನಿಕ್ಕಿನವರು ಕನ್ಸಲ್ಟೇಷನ್ ಬಿಟ್ಟರು, ಪ್ರೊಸೀಜರ್ ಚಾರ್ಜಿನಲ್ಲಿ ಇಳಿಸಿದರು. ಕೇಳದಿದ್ದರೆ ಇಳಿಸುತ್ತಿರಲಿಲ್ಲ, ಇದನ್ನು ಬರೆದಿಟ್ಟುಕೊಳ್ಳಿ. ಇಂಜೆಕ್ಷನ್ನಿಗೆ ದುಬಾರಿ ಬ್ರ್ಯಾಂಡಿನ ಬದಲು ಇಲ್ಲೇ ತಯಾರಾಗುವ ಕಂಪನಿಯದ್ದು ಬರೆಯುತ್ತೀರಾ ಅಂದದ್ದಕ್ಕೆ ಡಾಕ್ಟರ್ ಒಪ್ಪಿದರು. ಉಳಿದದ್ದಕ್ಕೆ ಚಿಕ್ಕಮ್ಮನ ಸರ ಅಡ ಇಟ್ಟರು, ಗೋಲ್ಡ್ ಲೋನ್ ಅರ್ಧ ಗಂಟೆಯಲ್ಲಿ ಸಿಕ್ಕಿತು. ಇಷ್ಟು ಬೇಗ ಕೈಗೆ ಬಂದ ದುಡ್ಡು ಅದೊಂದೇ, ಅದೂ ಬಡ್ಡಿಗೆ.

ಮನೆಯ ಒಳಗಿನ ಮಾತುಗಳು ಬೇರೆ. ಮದುವೆಯಾಗದ ಹುಡುಗಿಗೆ ಒಳಗಿಂದ ಸ್ಕ್ಯಾನ್ ಮಾಡ್ತಾರಂತಲ್ಲ ಅಂತ ಚಿಕ್ಕಮ್ಮ ಗಾಬರಿ ಬಿದ್ದರು. ಮೊದಲು ಜೀವ ಉಳಿಯಲಿ, ಮಿಕ್ಕಿದ್ದು ಆಮೇಲೆ ಅಂತ ಸೋದರಮಾವ. ಈ ಮಾತನ್ನು ಎಷ್ಟು ಜನ ಹೇಳಿದರೋ. ಕೇಳಲು ಚೆನ್ನಾಗಿದೆ, ಆದರೆ ಆಮೇಲೆ ಅನ್ನುವುದೇ ಇಲ್ಲ ಇದರಲ್ಲಿ. ಅಜ್ಜಿ ಒಬ್ಬರೇ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದ್ದು: 'ಎಷ್ಟು ದಿನ ಕೆಡದೇ ಇರ್ತದೆ?' ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದ್ರವ ನೈಟ್ರೋಜನ್ನಿನಲ್ಲಿ ಇಡ್ತಾರೆ, ವರ್ಷಗಟ್ಟಲೆ ಇರುತ್ತೆ ಅಜ್ಜಿ ಅಂದೆ. ಕರೆಂಟ್ ಹೋದ್ರೆ ಅಂದರು. ಅದಕ್ಕೆ ಕರೆಂಟ್ ಬೇಡ, ನೈಟ್ರೋಜನ್ ತುಂಬಿಸ್ತಾ ಇರ್ತಾರೆ ಅಂದ ಮೇಲೆ ಸಮಾಧಾನ ಆಯಿತು. ಬೆಸ್ಕಾಂ ಮೇಲೆ ಅವರಿಗೆ ನಂಬಿಕೆ ಇಲ್ಲ.

ಫಾರ್ಮುಗಳಲ್ಲಿ ಒಂದು ಕಡೆ ಮಾತ್ರ ನಾವಿಬ್ಬರೂ ನಿಂತೆವು. ಶೇಖರಿಸಿದವರು ತೀರಿಹೋದರೆ ಅಂಡಾಣುಗಳನ್ನು ಏನು ಮಾಡಬೇಕು ಅಂತ ಕೇಳಿದ್ದರು. ಬದುಕಿ ಮಕ್ಕಳು ಮಾಡಿಕೊಳ್ಳುತ್ತೇನೆ ಅನ್ನುವ ಧೈರ್ಯಕ್ಕೆ ಬಂದವಳಿಗೆ ಆ ಪ್ರಶ್ನೆ. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ಗುರುತು ಹಾಕಿದಳು. ಏನು ಹಾಕಿದಳೋ ನಾನು ನೋಡಲಿಲ್ಲ. ಆ ಪ್ರಶ್ನೆ ಬೇಕೇ ಬೇಕು ಅಂತ ನನಗೆ ಅರ್ಥ ಆಗಿದ್ದು ಆಮೇಲೆ, ದೆಹಲಿಯ ಕೇಸು ಓದಿದಾಗ. ಕ್ಯಾನ್ಸರ್ ಬಂದ ಯುವಕನೊಬ್ಬ 2020ರಲ್ಲಿ ಕೀಮೋಗೆ ಮುಂಚೆ ವೀರ್ಯ ಶೇಖರಿಸಿಟ್ಟು, ಅದೇ ವರ್ಷ ತೀರಿಕೊಂಡ. ಅದನ್ನು ತಮಗೆ ಕೊಡಿ ಅಂತ ತಂದೆತಾಯಿ ಕೋರ್ಟಿಗೆ ಹೋದರು, 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ನಾಲ್ಕು ವರ್ಷ.

ಬೇರೆ ದೇಶಗಳಲ್ಲಿ ಇದಕ್ಕೆ ಏನು ಮಾಡುತ್ತಾರೆ ಅಂತ ರಾತ್ರಿ ಕೂತು ಓದುತ್ತಿದ್ದೆ, ಸಿಟ್ಟಿಗೆ. ಜರ್ಮನಿಯಲ್ಲಿ 2021ರ ಜುಲೈಯಿಂದ ಸರ್ಕಾರಿ ವಿಮೆಯೇ ಕೊಡುತ್ತದೆ. ಜಪಾನಿನಲ್ಲಿ ಅದೇ ವರ್ಷದ ಏಪ್ರಿಲ್‌ನಿಂದ ಸರ್ಕಾರದ ಸಹಾಯಧನ ಇದೆ: ಅಂಡಾಣುವಿಗೆ 2 ಲಕ್ಷ ಯೆನ್‌ವರೆಗೆ, ಅಂಡಾಶಯದ ತುಣುಕನ್ನೇ ತೆಗೆದಿಡುವುದಕ್ಕೆ 4 ಲಕ್ಷದವರೆಗೆ, ವೀರ್ಯಕ್ಕೆ 25 ಸಾವಿರದವರೆಗೆ, ವಯಸ್ಸು 43ರೊಳಗೆ ಇರಬೇಕು. ಅಮೆರಿಕ ನಮ್ಮ ಹಾಗೆಯೇ ವಿಮೆಯ ಕಾಟದ ದೇಶ. ಅಲ್ಲಿ 2017ರಲ್ಲಿ ರೋಡ್ ಐಲೆಂಡ್ ಮತ್ತು ಕನೆಕ್ಟಿಕಟ್ ರಾಜ್ಯಗಳು ವಿಮೆಯವರು ಇದಕ್ಕೆ ಕೊಡಲೇಬೇಕು ಅಂತ ಮೊದಲು ಕಾನೂನು ಮಾಡಿದವು, ಆಮೇಲೆ ಒಂದೊಂದೇ ರಾಜ್ಯ ಸೇರಿಕೊಂಡಿತು, ನಮ್ಮವರು ಬೇಕಾದಷ್ಟು ಜನ ಇರುವ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಕೂಡ. ಆದರೆ ಕೆಲಸ ಕೊಟ್ಟ ಕಂಪನಿ ತಾನೇ ದುಡ್ಡು ಹಾಕಿ ನೌಕರರಿಗೆ ನಡೆಸುವ ವಿಮೆಗೆ ರಾಜ್ಯದ ಕಾನೂನು ಅನ್ವಯಿಸುವುದಿಲ್ಲ, ಅಲ್ಲಿರುವವರು ಇದನ್ನು ಎಚ್‌ಆರ್ ಹತ್ತಿರ ಕೇಳಿಕೊಳ್ಳಬೇಕು.

ನನಗೆ ಜಾಸ್ತಿ ಹಿಡಿಸಿದ್ದು ಕಾನೂನಿಗಿಂತ ಮೊದಲು ನಡೆದದ್ದು. ಲಿಂಡ್ಸೆ ನೋರ್ ಬೆಕ್ ಅಂತ ಒಬ್ಬಾಕೆ, ಇಪ್ಪತ್ತರ ಹರೆಯದಲ್ಲಿ ನಾಲಿಗೆಯ ಕ್ಯಾನ್ಸರ್ ಬಂದವರು. ಎಗ್ ಫ್ರೀಜಿಂಗ್ ಇನ್ನೂ ಪ್ರಯೋಗ ಅನ್ನಿಸಿಕೊಂಡಿದ್ದ ಕಾಲದಲ್ಲಿ ತಾವೇ ಹುಡುಕಿ ಮಾಡಿಸಿಕೊಂಡು, 2001ರಲ್ಲಿ ಫರ್ಟೈಲ್ ಹೋಪ್ ಅಂತ ಸಂಸ್ಥೆ ಕಟ್ಟಿದರು. ಅವರು ರೋಗಿಗಳ ಕೈಗೆ ಚೆಕ್ ಕೊಡುವ ದಾರಿ ಹಿಡಿಯಲಿಲ್ಲ. ಔಷಧ ಕಂಪನಿಯಿಂದ ಇಂಜೆಕ್ಷನ್ ಪುಕ್ಕಟೆ ಕೊಡಿಸಿದರು, ಕ್ಲಿನಿಕ್‌ಗಳನ್ನು ರಿಯಾಯಿತಿಗೆ ಒಪ್ಪಿಸಿದರು. ಆ ಕೆಲಸ 2009ರಲ್ಲಿ, ವೃಷಣದ ಕ್ಯಾನ್ಸರ್ ಗೆದ್ದ ಸೈಕಲ್ ರೇಸಿನ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರಿನ ಫೌಂಡೇಶನ್ನಿಗೆ ಸೇರಿತು, ಈಗ ಅದರ ಹೆಸರು ಲಿವ್‌ಸ್ಟ್ರಾಂಗ್ ಫರ್ಟಿಲಿಟಿ. ಅರ್ಜಿಗೆ ದಿನಗಳ ಲೆಕ್ಕದಲ್ಲಿ ಉತ್ತರ ಬರುತ್ತದೆ.

ನಮಗೆ ಆಗಿಬರುವ ದಾರಿ ಇದೇ ಅನ್ನಿಸುತ್ತದೆ. ಈ ಇಂಜೆಕ್ಷನ್‌ಗಳನ್ನು ತಯಾರಿಸುವ ಕಂಪನಿಗಳು ನಮ್ಮ ದೇಶದಲ್ಲೇ ಇವೆ. ಬೆಂಗಳೂರಿನಲ್ಲಿ ಎರಡು ರಸ್ತೆಗೊಂದು ಫರ್ಟಿಲಿಟಿ ಸೆಂಟರ್ ಇದೆ, ಬಸ್ಸಿನ ಹಿಂದೆಯೂ ಮಗುವಿನ ಫೋಟೋ. ಕ್ಯಾನ್ಸರ್ ಆಸ್ಪತ್ರೆಯಿಂದ ಬಂದ ಪತ್ರ ಇದ್ದರೆ ಇಷ್ಟು ಇಳಿಸುತ್ತೇವೆ ಅಂತ ಒಂದು ಬೋರ್ಡ್ ಹಾಕಲಿ. ಸಮಾಜ ಸೇವೆಗೆ ಅಂತ ಸಿಎಸ್‌ಆರ್ ದುಡ್ಡು ಕೊಡುವ ಕಂಪನಿಗಳವರು ಆಂಬುಲೆನ್ಸ್ ಮೇಲೆ ಹೆಸರು ಬರೆಸುವುದರ ಜೊತೆಗೆ ಆಸ್ಪತ್ರೆಯ ಮೆಡಿಕಲ್ ಸೋಶಿಯಲ್ ವರ್ಕರ್ ಕೈಯಲ್ಲಿ ಒಂದು ಸಣ್ಣ ನಿಧಿ ಇಡಲಿ, ಸಹಿ ಹಾಕಿ ಅದೇ ದಿನ ಕೊಡುವ ಅಧಿಕಾರದ ಸಮೇತ. ಇನ್ನು ಸರ್ಕಾರ. ಗೋವಾ ಮೆಡಿಕಲ್ ಕಾಲೇಜಿನಲ್ಲಿ 2023ರಿಂದ ಐವಿಎಫ್ ಉಚಿತ. ಸಣ್ಣ ರಾಜ್ಯ, ನಿಜ. ಹಾಗಂತ ಕಿದ್ವಾಯಿಯನ್ನು ನಡೆಸುವ ನಮ್ಮ ರಾಜ್ಯಕ್ಕೆ ಕ್ಯಾನ್ಸರ್ ಬಂದ ಚಿಕ್ಕ ವಯಸ್ಸಿನವರಿಗಾಗಿ ಆಯುಷ್ಮಾನ್ ಕಾರ್ಡಿನ ಪಟ್ಟಿಯಲ್ಲಿ ಒಂದು ಪ್ಯಾಕೇಜ್ ಕೋಡ್ ಸೇರಿಸುವುದು ಆಗದ ಕೆಲಸವೇನೂ ಅಲ್ಲ. ಕ್ಯಾನ್ಸರ್ ರೋಗಿಗಳಲ್ಲಿ ಈ ವಯಸ್ಸಿನವರು, ಅದರಲ್ಲೂ ಇದು ಬೇಕು ಅನ್ನುವವರು, ದೊಡ್ಡ ಸಂಖ್ಯೆಯೇ ಅಲ್ಲ.

ಖರ್ಚು ಮಾಡಿದರೆ ಮಗು ಗ್ಯಾರಂಟಿಯಾ ಅಂತ ಕೇಳುವವರಿಗೆ: ಇಲ್ಲ. ಫ್ರೀಜ್ ಮಾಡಿದ ಎಲ್ಲ ಅಂಡಾಣುವೂ ಮಗು ಆಗುವುದಿಲ್ಲ. ಎರಡು ಲಕ್ಷ ಆಗಲ್ಲ ಅನ್ನುವವರಿಗೆ ಗೋಸೆರೆಲಿನ್ ಅಂತ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೀಮೋ ನಡೆಯುವಷ್ಟು ದಿನ ಅಂಡಾಶಯವನ್ನು ಮಲಗಿಸಿಡುತ್ತದೆ. ಕೆಲವು ಸಾವಿರದಲ್ಲಿ ಒಂದು ಡೋಸ್. ಹಾರ್ಮೋನ್ ನೆಗೆಟಿವ್ ಸ್ತನ ಕ್ಯಾನ್ಸರಿನಲ್ಲಿ ಇದರಿಂದ ಪ್ರಯೋಜನ ಇದೆ ಅಂತ 2015ರಲ್ಲಿ ಪೋಯೆಮ್ಸ್ ಅನ್ನುವ ಅಧ್ಯಯನ ತೋರಿಸಿತು, ಆದರೆ ಇದು ಫ್ರೀಜಿಂಗ್‌ಗೆ ಬದಲಿ ಅಲ್ಲ. ಮಗು ಆದರೆ ಕ್ಯಾನ್ಸರ್ ವಾಪಸ್ ಬರುತ್ತೆ ಅನ್ನುವ ಭಯಕ್ಕೂ ಈಗ ಸ್ವಲ್ಪ ಉತ್ತರ ಇದೆ. ಪಾಸಿಟಿವ್ ಅನ್ನುವ ಅಧ್ಯಯನದಲ್ಲಿ 500ಕ್ಕೂ ಹೆಚ್ಚು ಹೆಣ್ಣುಮಕ್ಕಳು ಡಾಕ್ಟರ್ ಒಪ್ಪಿಗೆಯಿಂದ ಎರಡು ವರ್ಷದವರೆಗೆ ಹಾರ್ಮೋನ್ ಮಾತ್ರೆ ನಿಲ್ಲಿಸಿ ಮಗುವಿಗೆ ಪ್ರಯತ್ನ ಮಾಡಿದರು. ಮೊದಲ ಕೆಲವು ವರ್ಷಗಳಲ್ಲಿ ಕ್ಯಾನ್ಸರ್ ಮರಳುವುದು ಹೆಚ್ಚಾಗಲಿಲ್ಲ ಅಂತ 2023ರಲ್ಲಿ ವರದಿ ಬಂತು. ಈ ಪ್ರಿಂಟ್‌ಔಟ್ ತಂಗಿಯ ಫೈಲಿನಲ್ಲಿ ಇದೆ. ಸೋದರಮಾವನಿಗೂ ಒಂದು ಕಾಪಿ ಕೊಟ್ಟಿದ್ದೇನೆ, ಓದಿರಲಾರರು.

ಗಂಡುಮಕ್ಕಳ ವಿಷಯ ಹೇಳದೆ ಇದನ್ನು ಮುಗಿಸುವ ಹಾಗಿಲ್ಲ, ಯಾಕೆಂದರೆ ಅಲ್ಲಿ ದುಡ್ಡು ನೆಪವೂ ಅಲ್ಲ. ವೃಷಣದ ಕ್ಯಾನ್ಸರ್, ಹಾಡ್ಕಿನ್ ಲಿಂಫೋಮಾ, ರಕ್ತದ ಕ್ಯಾನ್ಸರ್, ಇವೆಲ್ಲ ಹದಿನೆಂಟು ಇಪ್ಪತ್ತರ ಹುಡುಗರಿಗೂ ಬರುತ್ತವೆ. ವೀರ್ಯ ಶೇಖರಿಸಿಡಲು ಇಂಜೆಕ್ಷನ್ ಬೇಡ, ಅನಸ್ತೇಶಿಯಾ ಬೇಡ, ಒಂದೋ ಎರಡೋ ದಿನ ಸಾಕು, ಕೆಲವು ಸಾವಿರ ರೂಪಾಯಿ ಮತ್ತು ವರ್ಷದ ಬಾಡಿಗೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1996ರಲ್ಲಿ ಕೀಮೋಗೆ ಮುಂಚೆ ಹೀಗೇ ಮಾಡಿಟ್ಟಿದ್ದ, ಅವನ ಮೊದಲ ಮೂವರು ಮಕ್ಕಳು ಅದರಿಂದಲೇ. ಸೈಕಲ್ ರೇಸಿನಲ್ಲಿ ಅವನು ನಿಷೇಧಿತ ಔಷಧ ತಗೊಂಡು ಮೋಸ ಮಾಡಿದ್ದು ಬೇರೆ ಕಥೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪನ ಜೊತೆ ಕೂತಿದ್ದ ಎಷ್ಟೋ ಹುಡುಗರನ್ನು ನೋಡಿದೆ. ಅಪ್ಪನ ಎದುರು ಡಾಕ್ಟರ್ ಈ ಮಾತು ಎತ್ತುವುದಿಲ್ಲ, ಮಗ ಕೇಳುವುದಿಲ್ಲ, ಅಪ್ಪನಿಗೆ ಗೊತ್ತಿರುವುದಿಲ್ಲ. ಮೊದಲ ಕೀಮೋ ಬಾಟಲಿ ಏರುತ್ತದೆ. ಒಂದು ಸಲ ಶುರುವಾದ ಮೇಲೆ ಶೇಖರಿಸುವುದು ಒಳ್ಳೆಯದಲ್ಲ ಅನ್ನುತ್ತಾರೆ, ಅಲ್ಲಿಗೆ ಅವಕಾಶ ಮುಗಿಯಿತು.

ನಿಮ್ಮ ಮನೆಯ ಹುಡುಗನಿಗೋ ಹುಡುಗಿಗೋ ಕೀಮೋ ದಿನಾಂಕ ಕೊಟ್ಟಿದ್ದರೆ ಆವತ್ತೇ ಕೇಳಿ. ಬಾಯಿಬಿಟ್ಟು ಕೇಳಲು ನಾಚಿಕೆಯಾದರೆ ಒಂದು ಚೀಟಿಯಲ್ಲಿ ಬರೆದು ಡಾಕ್ಟರ್ ಟೇಬಲ್ ಮೇಲೆ ಇಡಿ, ಅವರಿಗೆ ಅರ್ಥವಾಗುತ್ತದೆ.